ಏನು ನೋಡಿದರು ಎಂಬ ಕಾಲಂ

ನನ್ನ ಕೈಬರಹ ಮುತ್ತು ಪೋಣಿಸಿದ ಹಾಗಿದೆ ಎಂದು ಮೂರನೇ ತರಗತಿಯಿಂದ ಎಲ್ಲರೂ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದ್ದರು. ಆ ಜಂಬದಲ್ಲೇ ನಾನೊಂದು ರಿಜಿಸ್ಟರು ಬರೆದೆ. ಅದನ್ನು ಓದುವುದಕ್ಕೆಂದೇ ಜನ ಮೆಟ್ಟಿಲು ಹತ್ತಿ ಬಂದರು. ನಾನು ಬರೆದದ್ದನ್ನು ಜನ ಅಷ್ಟು ಆಸೆಪಟ್ಟು ಓದಿದ್ದು ಅದೊಂದೇ ಸಲ. ಈಗಲೂ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ತಿಪಟೂರಿನ ಒಂದು ಕೊಬ್ಬರಿ ಗೋದಾಮಿನ ಮೇಲಿನ ಮಹಡಿಯಲ್ಲಿ ನಮ್ಮ ದೊಡ್ಡಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದಳು. ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಮಾಯಸಂದ್ರದ ಕಡೆಯ ತೋಟದ ಮನೆಯಲ್ಲಿ ಹುಟ್ಟಿ, ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು, ಎರಡು ಹಳೆಯ ಮಿಷನ್ನು ಇಟ್ಟುಕೊಂಡು ಶುರು ಮಾಡಿದವಳು. ಅವಳ ತವರಿನಲ್ಲಿ ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಎಂದು ಹೇಳುತ್ತಿದ್ದರು. ಇವಳು ಕಣ್ಣು ಮುಚ್ಚಿ ಕೂತು, ಹದಿನಾಲ್ಕು ಮಿಷನ್ನುಗಳ ಗಲಾಟೆಯಲ್ಲಿ ಯಾರ ಬೆರಳು ತಪ್ಪಿತೆಂದು ಹೇಳುತ್ತಿದ್ದಳು. ನಮ್ಮ ತಾಲ್ಲೂಕಿನ ಅರ್ಧ ಕಚೇರಿಗಳಲ್ಲಿ ಕೂತವರು ಅವಳ ಕೈಕೆಳಗೆ ಬೈಸಿಕೊಂಡವರೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಟೈಪಿಂಗಿಗೆ ಬರುವವರು ಕಡಿಮೆಯಾದರು. ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಮೂವತ್ತು ತುಂಬಿದರೂ ಎಲ್ಲೂ ನಿಲ್ಲದೆ ಅಲೆಯುತ್ತಿದ್ದ ನನ್ನನ್ನು ದೊಡ್ಡಮ್ಮ ಪಾಲುದಾರನನ್ನಾಗಿ ಮಾಡಿಕೊಂಡಳು. ಅರ್ಧ ಹಾಲಿನಲ್ಲಿ ಟೈಪಿಂಗ್ ಮಿಷನ್ನುಗಳು ಉಳಿದವು, ಉಳಿದರ್ಧದಲ್ಲಿ ಆರು ಕಂಪ್ಯೂಟರ್ ಬಂದವು. ಫೋನಿನ ವೈರಿನಲ್ಲಿ ಕೀರಲು ಸದ್ದು ಮಾಡುತ್ತ ಇಂಟರ್ನೆಟ್ ಬರುತ್ತಿತ್ತು, ಕರೆಂಟು ಹೋದರೆ ಹೋಗುತ್ತಿತ್ತು. ನಾನು ತುಮಕೂರಿನಲ್ಲಿ ನೋಡಿ ಬಂದಿದ್ದ ಹಾಗೆ ಆರಕ್ಕೂ ಪ್ಲೈವುಡ್ ಹೊಡೆಸಿ ಪರದೆ ಹಾಕಿಸಲು ಹೊರಟೆ.

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಇದೇನ್ಲಾ ಇದು, ಆಸ್ಪತ್ರೆ ಥರ ಪರದೆ ಬುಡ್ತಾ ಇದೀಯ?"

"ಪ್ರೈವೆಸಿ ದೊಡ್ಡಮ್ಮ. ಜನ ಕೇಳ್ತಾರೆ."

"ಕೇಳೋರು ಯಾಕೆ ಕೇಳ್ತಾರೆ ಅಂತ ನಂಗೂ ಗೊತ್ತು ಕಣಪ್ಪ. ನಾನೇನು ನಿನ್ನೆ ಮೊನ್ನೆ ಹುಟ್ಟಿದೋಳಾ?"

ಆಮೇಲೆ ಅವಳೇ ತೀರ್ಮಾನ ಹೇಳಿದಳು. ನಾಲ್ಕು ಕಂಪ್ಯೂಟರು ಟೈಪಿಂಗ್ ಮಿಷನ್ನುಗಳ ಎದುರಿಗೆ, ಬಟಾಬಯಲಿನಲ್ಲಿ. ಎರಡಕ್ಕೆ ಮಾತ್ರ ಪರದೆ. ಕಾಲೇಜು ಮೆಟ್ಟಿಲು ಹತ್ತಿ ಓಟು ಹಾಕುವ ವಯಸ್ಸು ಬಂದವರಿಗೆ ಪರದೆಯೊಳಗೆ ಹೋಗುವ ಹಕ್ಕು. ಅದಕ್ಕಿಂತ ಚಿಕ್ಕವರು ಎಷ್ಟೇ ಗೋಗರೆದರೂ ಬಯಲಲ್ಲೇ ಕೂರಬೇಕು. ಒಂಬತ್ತನೇ ಕ್ಲಾಸಿನ ಮೂವರು ಒಮ್ಮೆ ಅಣ್ಣನ ಕಾಲೇಜಿನ ಗುರುತಿನ ಕಾರ್ಡು ತಂದು ನುಗ್ಗಲು ನೋಡಿದಾಗ ಅವರನ್ನು ಬೆಂಚಿನಲ್ಲಿ ಕೂರಿಸಿ ಒಂದು ಗಂಟೆ ಟೈಪಿಂಗಿನ ಮೊದಲ ಪಾಠ 'ಎಎಸ್‌ಡಿಎಫ್' ಹೊಡೆಸಿದಳು. ಅವರು ಮತ್ತೆ ಆ ಕಡೆ ತಲೆಯಿಟ್ಟೂ ಮಲಗಲಿಲ್ಲ.

ಪರದೆಯೊಳಗೆ ಕೂರುವ ದೊಡ್ಡವರು ಏನು ನೋಡುತ್ತಿದ್ದರು ಎಂಬುದು ಗುಟ್ಟೇನಲ್ಲ. ಎಲ್ಲರೂ ಬತ್ತಲೆ ಚಿತ್ರಗಳನ್ನೇ ನೋಡುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಮದುವೆಯ ಜಾತಕ ನೋಡುವವರಿದ್ದರು, ಯಾರಿಗೂ ಹೇಳಲಾಗದ ಕಾಯಿಲೆಯ ಬಗ್ಗೆ ಓದುವವರಿದ್ದರು. ಆದರೂ ಅದನ್ನೇ ನೋಡುವವರು ಬಹಳ ಇದ್ದರು. ನಿನಗೆ ಇದು ಸರಿ ಅನ್ನಿಸುತ್ತದಾ ಎಂದು ನಾನೊಮ್ಮೆ ದೊಡ್ಡಮ್ಮನನ್ನು ಕೆಣಕಿದ್ದೆ.

"ಆ ಚಿತ್ರಗಳನ್ನ ಕಂಡ್ರೆ ನಂಗೆ ಅಸಹ್ಯ ಕಣ್ಲಾ. ಹಂಗಂತ ಇನ್ನೊಬ್ಬರ ಕಣ್ಣಿಗೆ ನಾನು ಯಜಮಾನಿನಾ? ಬೆಳೆದೋರು, ಅವರ ಪಾಡಿಗೆ ಅವರು ನೋಡ್ಲಿ, ಎದ್ದೋಗ್ಲಿ. ನಂಗೆ ಬೇಕಾಗಿರೋದು ಎರಡೇ. ಮಕ್ಕಳು ಅಲ್ಲಿ ಇರಬಾರದು. ಯಾರಿಗೂ ಅದರಿಂದ ಏಟು ಬೀಳಬಾರದು."

ಈ ಎರಡನೇ ಮಾತು ನನಗೆ ಆಗ ತಲೆಗೆ ಹತ್ತಲಿಲ್ಲ. ಚಿತ್ರ ನೋಡಿದರೆ ಯಾರಿಗೆ ಏಟು ಬೀಳುತ್ತದೆ ಎಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ದೊಡ್ಡಮ್ಮ ತನ್ನ ಕೊನೆಯ ತಂಗಿಯ ಮಗಳ ಬಾಣಂತನಕ್ಕೆಂದು ತುರುವೇಕೆರೆಗೆ ಹೋಗಿ ಹತ್ತು ದಿನ ನಿಂತಳು. ಅದೇ ಹೊತ್ತಿಗೆ ನಮ್ಮ ರಸ್ತೆಯ ನಾಲ್ಕೈದು ಅಂಗಡಿಯವರು ಒಟ್ಟಾಗಿ ಮೆಟ್ಟಿಲು ಹತ್ತಿ ಬಂದರು. ಊರು ಹಾಳಾಗುತ್ತಿದೆ, ಪರದೆ ಕಿತ್ತುಹಾಕು, ಇಲ್ಲದಿದ್ದರೆ ಬಾಗಿಲು ಹಾಕಿಸುತ್ತೇವೆ ಎಂದರು. ಅವರ ಮುಂದಾಳು ಒಬ್ಬ ಕೊಬ್ಬರಿ ವ್ಯಾಪಾರಿ, ಗಂಡುಮಕ್ಕಳಿದ್ದ ಮನುಷ್ಯ. ಅವನ ಭಯ ಸುಳ್ಳಾಗಿರಲಿಲ್ಲ. ನಾನು ತಾಳ್ಮೆಯಿಂದ ದೊಡ್ಡಮ್ಮನ ಕಟ್ಟಳೆ ವಿವರಿಸಿದ್ದರೆ ಸಾಕಿತ್ತು. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮಲ್ಲಿ ಮುಚ್ಚುಮರೆ ಏನೂ ಇಲ್ಲ, ನಾಳೆಯಿಂದ ಎಲ್ಲ ನಿಮ್ಮ ಕಣ್ಣೆದುರಿಗೇ ಇಡುತ್ತೇನೆ ಎಂದುಬಿಟ್ಟೆ.

ನಮ್ಮಪ್ಪ ಕೊಬ್ಬರಿ ಮಾರುಕಟ್ಟೆಯಲ್ಲಿ ತೂಕದವರಾಗಿದ್ದರು. ಅಲ್ಲಿ ಕೊಬ್ಬರಿಯನ್ನು ಎಲ್ಲರ ಕಣ್ಣೆದುರು ಸುರಿಯುತ್ತಾರೆ. ಯಾವ ಊರಿನ ಯಾರ ಮಾಲು ಎಂಬ ಚೀಟಿ ರಾಶಿಯ ಮೇಲೇ ಇರುತ್ತದೆ, ಬೇಕಾದವರು ಬಗ್ಗಿ ಓದಬಹುದು. ಬಚ್ಚಿಟ್ಟ ಮಾಲಿನಲ್ಲೇ ಮೋಸ ಇರೋದು ಎಂದು ಅಪ್ಪ ಹೇಳುತ್ತಿದ್ದರು. ಆ ಮಾತನ್ನು ಕೇಳುತ್ತ ಬೆಳೆದ ನನಗೆ, ತೆರೆದಿಟ್ಟದ್ದೆಲ್ಲ ಪ್ರಾಮಾಣಿಕ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಮಾರನೇ ದಿನ ದೊಡ್ಡ ಪುಸ್ತಕ ತಂದು ಗೀಟು ಎಳೆದೆ. ಹೆಸರು, ಊರು, ಕ್ಯಾಬಿನ್ನು, ವೇಳೆ. ಕೊನೆಗೆ 'ಏನು ನೋಡಿದರು' ಎಂದು ಅಗಲವಾದ ಒಂದು ಕಾಲಂ. ಸಂಜೆ ಎಲ್ಲರೂ ಹೋದ ಮೇಲೆ ಕಂಪ್ಯೂಟರಿನಲ್ಲಿ ಉಳಿದಿದ್ದ ವಿಳಾಸಗಳನ್ನು ನೋಡಿ ಆ ಕಾಲಂನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಪುಸ್ತಕವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಬಿಚ್ಚಿಟ್ಟೆ.

ಎರಡು ದಿನ ಯಾರಿಗೂ ಇದು ತಿಳಿಯಲಿಲ್ಲ. ಮೂರನೇ ದಿನ ಓದುವವರೇ ಹೆಚ್ಚಾದರು. ಯಾರ ಹೆಸರಿನ ಮುಂದೆ ಏನಿದೆ ಎಂದು ನೋಡಿ ನಗುವುದು, ಬಾಯಿ ಮುಚ್ಚಿಕೊಂಡು ಕೆಳಗಿಳಿಯುವುದು. ಬೀಡಿ ಕಟ್ಟಿನ ಹಿಂದೆ ಏನೋ ಗೀಚಿಕೊಂಡು ಹೋಗುವವರೂ ಇದ್ದರು. ಎಲ್ಲರಿಗಿಂತ ಹೆಚ್ಚು ಓದಿಸಿಕೊಂಡ ಸಾಲು ನಮ್ಮ ಊರಿನ ಒಬ್ಬ ನಿವೃತ್ತ ಮೇಷ್ಟ್ರದು. ಹೆಂಡತಿ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಒಬ್ಬರೇ ಅಡುಗೆ ಮಾಡಿಕೊಂಡು, ಸೈಕಲ್ಲಿನಲ್ಲಿ ಓಡಾಡಿಕೊಂಡಿದ್ದರು. ವಾರಕ್ಕೆರಡು ದಿನ ಬಂದು ಎರಡನೇ ಕ್ಯಾಬಿನ್ನಿನಲ್ಲಿ ಕೂತು ಹೋಗುತ್ತಿದ್ದರು. ಪಾಠ ಹೇಳಿದ ಊರಿನಲ್ಲಿ ಅವರ ಹೆಸರು ನಾಲಿಗೆಯಿಂದ ನಾಲಿಗೆಗೆ ಹಾರಿತು. ನನಗೆ ಅಳುಕಾಯಿತು, ನಿಜ. ಆದರೆ ಪುಸ್ತಕ ಮುಚ್ಚಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲೇ ಅವರಿಗೆ ಅಂದೆ. ಆ ಗಾದೆ ನನಗೇ ಎಂದು ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ.

ದೊಡ್ಡಮ್ಮ ಗುರುವಾರ ಬೆಳಿಗ್ಗೆ ವಾಪಸು ಬಂದಳು. ಬ್ಯಾಗು ಕೆಳಗಿಡುವಷ್ಟರಲ್ಲಿ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಹಾಲಿನಲ್ಲಿ ನಾವಿಬ್ಬರೇ ಇದ್ದೆವು. ಅವರು ನನ್ನ ಕಡೆ ನೋಡಲಿಲ್ಲ.

"ಮೇಡಂ, ನಾನು ಒಳಗೆ ಕೂತು ಏನು ನೋಡ್ತೀನಿ ಅಂತ ನಿಮಗೆ ಗೊತ್ತಿರಬಹುದು."

"ನಾನು ಯಾವತ್ತೂ ಕೇಳಿಲ್ಲವಲ್ಲ ಸಾರ್."

"ಈಗ ನಾನೇ ಹೇಳ್ತೀನಿ. ಸೋಮವಾರ ಒಂದು ಪುಟ ಬಂತು. ಅದರಲ್ಲಿ ನಿಮ್ಮ ಹತ್ರ ಟೈಪಿಂಗಿಗೆ ಬರ್ತಾಳಲ್ಲ, ಕಿಬ್ಬನಹಳ್ಳಿ ಹುಡುಗಿ, ಅವಳ ಚಿತ್ರ ಇತ್ತು. ಮೈಮೇಲೆ ಬಟ್ಟೆ ಇಲ್ಲದ್ದು. ಅವಳ ಹೆಸರು, ಊರು ಸಮೇತ. ನನ್ನ ಶಿಷ್ಯೆ ಮೇಡಂ ಅವಳು. ತಕ್ಷಣ ಮುಚ್ಚಿ ಎದ್ದು ಹೋದೆ. ಅವತ್ತೇ ಬಂದು ಹೇಳಬೇಕಾಗಿತ್ತು. ನಾಚಿಕೆ ಬಿಡಲಿಲ್ಲ." ಆಮೇಲೆ ಮೇಜಿನ ಕಡೆ ಕೈ ತೋರಿಸಿದರು. "ಆ ವಿಳಾಸ ಈಗ ನಿಮ್ಮ ಪುಸ್ತಕದಲ್ಲೈತೆ. ನನ್ನ ಹೆಸರಿನ ಮುಂದೆ."

ಬೀಡಿ ಕಟ್ಟಿನ ಹಿಂದೆ ಗೀಚಿಕೊಂಡವರು ಬರೆದುಕೊಂಡದ್ದು ಏನೆಂದು ಆಗ ಹೊಳೆಯಿತು. ಮೇಷ್ಟ್ರನ್ನು ನೋಡಿ ನಗಲು ಬಂದವರಿಗೆಲ್ಲ ಆ ಹುಡುಗಿಯ ಮನೆ ಬಾಗಿಲು ತೋರಿಸಿದ್ದವನು ನಾನು.

ದೊಡ್ಡಮ್ಮ ಎರಡನೇ ಕ್ಯಾಬಿನ್ನಿಗೆ ಹೋಗಿ ಪರದೆ ಎಳೆದುಕೊಂಡಳು. ನನಗೆ ಒಳಗೆ ಬರಬೇಡ ಎಂದಳು. ಐದು ನಿಮಿಷಕ್ಕೆ ಹೊರಗೆ ಬಂದಾಗ ಅವಳ ಮುಖ ಕೆಂಪಾಗಿತ್ತು. ಪುಸ್ತಕ ಎತ್ತಿಕೊಂಡು, ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಸೆರಗಿಗೆ ಗಂಟು ಹಾಕಿದಳು. ಮೇಷ್ಟ್ರಿಗೆ ಕೈಮುಗಿದು, "ನಮ್ಮ ಹುಡುಗ ನಿಮ್ಮ ಮಾನ ಬೀದಿಗೆ ಸುರಿದವ್ನೆ, ಕ್ಷಮಿಸಿ ಸಾರ್," ಎಂದಳು. ಅವರು ಹೋದ ಮೇಲೆ ಕೆಳಗಿಳಿದು ಗೋದಾಮಿನ ಹಿತ್ತಲಿನ ನೀರೊಲೆಯಲ್ಲಿ ಉರಿಯುತ್ತಿದ್ದ ಕರಟದ ಮೇಲೆ ಆ ಪುಸ್ತಕ ಇಟ್ಟಳು.

"ಎಲ್ಲ ತೆರೆದಿಟ್ಟಿದ್ದೆ ದೊಡ್ಡಮ್ಮ, ಮೋಸ ಇರಬಾರದು ಅಂತ," ಎಂದು ನಾನು ತೊದಲಿದೆ.

"ಕೊಬ್ಬರಿ ಏನ್ಲಾ ಮನುಷ್ಯ ಅಂದ್ರೆ, ಸುರಿದು ತೋರ್ಸಕ್ಕೆ?"

ನಾನು ಆ ಮಾತಿಗೆ ಸಿಟ್ಟಾಗಿ, ಹಾಗಾದರೆ ಪ್ಲೈವುಡ್ಡೆಲ್ಲ ಕಿತ್ತು ಬಿಸಾಕುತ್ತೇನೆ, ಅಂಗಡಿಯವರು ಹೇಳಿದ್ದೇ ಸರಿ ಎಂದು ಕೂಗಾಡಿದೆ. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ಒಂದು ಕಾಯಿ ಕೊಳೀತು ಅಂತ ಅಟ್ಟಕ್ಕೇ ಬೆಂಕಿ ಇಕ್ತಾರೇನ್ಲಾ? ಕೊಳೆತಿರೋದನ್ನ ಹುಡುಕಿ ಎತ್ತಾಕ್ಬೇಕು. ಆ ಮೇಷ್ಟ್ರು ನೋಡಿದ್ರಿಂದ ಈ ಮಗೀಗೆ ಏಟು ಬಿದ್ದಿಲ್ಲ. ಒಬ್ಬ ಕೇಳ್ದೆ ಹಾಕ್ದ, ನೀನು ಕೇಳ್ದೆ ತೋರಿಸ್ದೆ. ಏಟು ಅದು."

ಅದೇ ಮಧ್ಯಾಹ್ನ ನಾವು ಬಸ್ಸು ಹತ್ತಿ ಕಿಬ್ಬನಹಳ್ಳಿಗೆ ಹೋದೆವು. ಆ ಹುಡುಗಿಗೆ ಇಪ್ಪತ್ತನಾಲ್ಕು ವರ್ಷ. ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಒಂದು ಕಚೇರಿಯಲ್ಲಿ ಕೆಲಸ ಸಿಗುವ ಭರವಸೆಯಿತ್ತು. ಎರಡು ದಿನದಿಂದ ಜ್ವರ ಎಂದು ಕ್ಲಾಸಿಗೆ ಬಂದಿರಲಿಲ್ಲ. ದೊಡ್ಡಮ್ಮ ಅವಳನ್ನು ಪರೀಕ್ಷೆಯ ಅರ್ಜಿಯ ನೆಪ ಹೇಳಿ ಹೊರಗೆ ಕರೆದು, ಬಸ್ ನಿಲ್ದಾಣದ ಹಿಂದಿನ ಹುಣಸೇಮರದ ಕೆಳಗೆ ಕೂರಿಸಿಕೊಂಡಳು. ಜ್ವರವಲ್ಲ, ಅವಳಿಗೂ ಗೊತ್ತಾಗಿತ್ತು. ಬಸ್ಸಿನಲ್ಲಿ ಯಾರೋ ಅವಳ ಕಿವಿಗೆ ಬೀಳುವಂತೆ ಮಾತಾಡಿದ್ದರು.

ಅವಳು ಅಳಲಿಲ್ಲ. "ಫೋಟೋ ತೆಗೆದಿದ್ದು ನಂಗೆ ಗೊತ್ತು ಮೇಡಂ," ಎಂದಳು. "ನಾನೇ ಒಪ್ಪಿದ್ದೆ. ಮದುವೆ ಆಗೋನು ಅಂದ್ಕೊಂಡಿದ್ದೆ. ಸಂಬಂಧ ಮುರಿದಿದ್ದಕ್ಕೆ ಹಿಂಗೆ ಮಾಡ್ದ. ಅವನು ನೋಡ್ಲಿ ಅಂತ ಒಪ್ಪಿದ್ದೆ, ಊರು ನೋಡ್ಲಿ ಅಂತಲ್ಲ."

ದೊಡ್ಡಮ್ಮ ಬೈಯುತ್ತಾಳೆ ಎಂದು ನಾನು ಕಾದೆ. ಆ ಕಾಲದಲ್ಲಿ ಬೇರೆ ಯಾರೇ ಹಿರಿಯರಾಗಿದ್ದರೂ ಬೈಯುತ್ತಿದ್ದರು. ಅವಳು ಹುಡುಗಿಯ ಕೈ ಹಿಡಿದುಕೊಂಡು, "ಒಬ್ಬರಿಗೆ ಕೊಟ್ಟಿದ್ದು ಒಬ್ಬರಿಗೇ ಕಣವ್ವ. ಈಗ ನಿಂಗೇನು ಬೇಕು ಹೇಳು. ನೀನು ಹೇಳಿದ್ದೇ ಮಾಡೋದು, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿಲ್ಲ," ಎಂದಳು. ನಿನಗೇನು ಬೇಕು ಎಂಬ ಆ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ನನ್ನ ದೊಡ್ಡಮ್ಮನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕಣ್ಣು ತುಂಬಿ ಬಂದು ಬಸ್ಸಿನ ಕಡೆ ತಿರುಗಿ ನಿಂತೆ.

ಮೊದಲು ಅದು ಅಲ್ಲಿಂದ ಹೋಗಬೇಕು ಎಂದಳು ಹುಡುಗಿ. ಅಪ್ಪನಿಗೆ ತಿಳಿಯುವ ಮೊದಲು ಹೋಗಬೇಕು. ಪರೀಕ್ಷೆಗೆ ಕೂರಬೇಕು.

ಅಂದಿನಿಂದ ದೊಡ್ಡಮ್ಮ ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಎಲ್ಲಿದೆಯೋ ಗೊತ್ತಿಲ್ಲದ ಆ ವೆಬ್‌ಸೈಟಿನವರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಹೊಡೆಯುತ್ತಿದ್ದಳು. ಕಳಿಸುವ ದಾರಿ ಹುಡುಕಿಕೊಡುವುದು ನನ್ನ ಕೆಲಸ. ಈ ಚಿತ್ರದಲ್ಲಿರುವವರ ಒಪ್ಪಿಗೆ ಇಲ್ಲ, ತೆಗೆಯಿರಿ. ಅಷ್ಟೇ ವಿಷಯ, ಆದರೆ ಪ್ರತಿದಿನ ಹೊಸದಾಗಿ ಬರೆಯುತ್ತಿದ್ದಳು. ನಿನ್ನೆಯದನ್ನೇ ಕಾಪಿ ಮಾಡು ದೊಡ್ಡಮ್ಮ ಎಂದರೆ, ಬೇಜಾರಿಲ್ಲದೆ ಕೇಳ್ತಾ ಇದೀವಿ ಅಂತ ಅವರಿಗೆ ಗೊತ್ತಾಗಬೇಕು ಎನ್ನುತ್ತಿದ್ದಳು. ಉತ್ತರ ಒಂದೂ ಬರಲಿಲ್ಲ. ಹನ್ನೆರಡನೆಯ ಪತ್ರದ ಮಾರನೇ ದಿನ ನೋಡಿದರೆ ಪುಟ ಇರಲಿಲ್ಲ. ದೊಡ್ಡಮ್ಮ ಕುರ್ಚಿಗೆ ಒರಗಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಅವಳು ದಣಿದದ್ದನ್ನು ನಾನು ನೋಡಿದ್ದು ಅವತ್ತೇ.

ಹುಡುಗಿ ಕ್ಲಾಸಿಗೆ ವಾಪಸು ಬಂದಳು. ಆದರೆ ವಾರದೊಳಗೆ ಆ ಚಿತ್ರ ಹಾಕಿದವನಿಂದ ಮಾತು ಬಂತು, ಇನ್ನೊಂದು ಇದೆ, ಹಾಕುತ್ತೇನೆ ಎಂದು. ಈ ಸಲ ಅವಳೇ ದೊಡ್ಡಮ್ಮನ ಮುಂದೆ ನಿಂತು, ಮೇಡಂ ನಾನು ದೂರು ಕೊಡ್ತೀನಿ ಎಂದಳು. ಅಪ್ಪನಿಗೆ ತಾನೇ ಹೇಳಿ ಬಂದಿದ್ದಳು. ಅಪ್ಪ ಎರಡು ದಿನ ಅನ್ನ ಬಿಟ್ಟು, ಮೂರನೇ ದಿನ ಬಸ್ಸಿಗೆ ತಾನೇ ಹತ್ತಿಸಿ ಕಳಿಸಿದ್ದನಂತೆ.

ಠಾಣೆಯಲ್ಲಿ ಒಬ್ಬರು ಮರ್ಯಾದೆಯಿಂದಲೇ ಕೂರಿಸಿ ಕೇಳಿದರು. ಆದರೆ ಪುಟ ಈಗಿಲ್ಲವಲ್ಲ, ಅದು ಇತ್ತು ಎನ್ನುವುದಕ್ಕೆ ಸಾಕ್ಷಿ ಯಾರು ಎಂದರು. ದೊಡ್ಡಮ್ಮ ನಾನು ನೋಡಿದ್ದೇನೆ ಎಂದಳು. ನೀವು ಅಂಗಡಿಯವರು, ನಾಳೆ ನಿಮ್ಮ ಅಂಗಡಿಯಿಂದಲೇ ಹಾಕಿದ್ದು ಅಂತಾರೆ, ಹೊರಗಿನವರು ಒಬ್ಬರು ನೋಡಿದ್ದೇನೆ ಅಂತ ಬರೆದುಕೊಟ್ಟರೆ ಗಟ್ಟಿಯಾಗುತ್ತದೆ ಎಂದರು ಅವರು.

ನಾನು ವಾಪಸು ಬರುತ್ತ ದಾರಿಯಲ್ಲೇ ದೊಡ್ಡಮ್ಮನ ಜೊತೆ ಜಗಳ ತೆಗೆದೆ. ಪುಸ್ತಕ ಸುಟ್ಟಿದ್ದು ನೀನು, ಇದ್ದಿದ್ದರೆ ಒಂದು ದಾಖಲೆಯಾದರೂ ಇರುತ್ತಿತ್ತು ಎಂದೆ. "ಇರಬೌದು. ಆ ಸಿಟ್ಟಲ್ಲಿ ತಪ್ಪು ಮಾಡಿರಬೌದು," ಎಂದು ಅವಳು ಒಪ್ಪಿಕೊಂಡಳು. "ಆದ್ರೂ ನಲವತ್ತು ಜನರ ಹೆಸರು ಹಿಡ್ಕೊಂಡು ಠಾಣೆಗೆ ಹೋಗ್ತಿರಲಿಲ್ಲ ಬುಡು. ಬರೋರು ತಾವಾಗಿ ಬರಬೇಕು."

ತಾವಾಗಿ ಯಾರು ಬರುತ್ತಾರೆ? ನಾನು ಮಾಡಿದ್ದನ್ನು ನಾನೇ ತೊಳೆಯಬೇಕೆಂದು, ಬೀಡಿ ಕಟ್ಟಿನ ಹಿಂದೆ ಬರೆದುಕೊಂಡವರನ್ನು ಒಬ್ಬೊಬ್ಬರಾಗಿ ಹಿಡಿದು ಕೇಳಿದೆ. "ಏ, ನಾನೆಲ್ಲಿ ನೋಡ್ದೆ? ಯಾರೋ ಅಂದಿದ್ದು ಕೇಳ್ದೆ," ಎಂದ ಒಬ್ಬ. ಇನ್ನೊಬ್ಬ ತನಗೆ ಕಂಪ್ಯೂಟರ್ ಆನ್ ಮಾಡಲೂ ಬರುವುದಿಲ್ಲ ಎಂದ. ತಿಂಗಳಿಗೆ ಎಂಟು ಸಲ ನಾನೇ ಆನ್ ಮಾಡಿಕೊಟ್ಟಿದ್ದೆ. ಊರು ಹಾಳಾಯಿತು ಎಂದು ಮೆಟ್ಟಿಲು ಹತ್ತಿದ್ದ ವ್ಯಾಪಾರಿಯಂತೂ, ನಾನಿನ್ನೂ ಬಾಯಿ ತೆರೆಯುವ ಮೊದಲೇ, ನಾನು ನೋಡಿಲ್ಲ ಕಣಪ್ಪ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೇಷ್ಟ್ರ ಮನೆಯ ಕಡೆಗೆ ಮಾತ್ರ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಆ ದೂರು ಏನಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಪೊಲೀಸರು ಚಿತ್ರ ಹಾಕಿದವನನ್ನು ಕರೆಸಿದರು. ಅವನ ಹತ್ತಿರ ಇದ್ದದ್ದನ್ನೆಲ್ಲ ವಶಕ್ಕೆ ತೆಗೆದುಕೊಂಡರು. ಕೇಸು ಬಹಳ ದಿನ ಎಳೆಯಿತು, ಆದರೆ ಇನ್ನೊಂದು ಚಿತ್ರ ಹೊರಗೆ ಬರಲಿಲ್ಲ. ಹುಡುಗಿ ಸೀನಿಯರ್ ಪಾಸು ಮಾಡಿದಳು. ನಮ್ಮ ಅಂಗಡಿಯಲ್ಲಿ ಎರಡು ಪರದೆಗಳೂ ಮೊದಲಿನ ಹಾಗೇ ಉಳಿದವು. ಹೊಸ ಪುಸ್ತಕದಲ್ಲಿ ಹೆಸರು ಮತ್ತು ವೇಳೆ ಮಾತ್ರ ಇರುತ್ತಿತ್ತು, ಅದೂ ದೊಡ್ಡಮ್ಮನ ಬೀರುವಿನೊಳಗೆ. ಇದೆಲ್ಲ ಆದದ್ದು ಒಂದು ಹಾಳೆಯಿಂದ. ಆ ಹಾಳೆ ತಯಾರಾದದ್ದನ್ನು ನಾನು ಕಣ್ಣಾರೆ ನೋಡಿದೆ.

ಠಾಣೆಗೆ ಹೋಗಿ ಬಂದ ಮೂರನೇ ದಿನ ಬೆಳಿಗ್ಗೆ ಹುಡುಗಿ ಕನ್ನಡ ಮಿಷನ್ನಿನ ಮುಂದೆ ಕೂತು ಪರೀಕ್ಷೆಯ ಅಭ್ಯಾಸ ಮಾಡುತ್ತಿದ್ದಳು. ಕೆಳಗೆ ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸದ್ದಾಯಿತು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಅಂಗಿ ಹಾಕಿಕೊಂಡು ಬಂದಿದ್ದರು. ಪುಸ್ತಕ ಬೂದಿಯಾಗಿತ್ತು. ಉಳಿದವರ ಹಾಗೆ ಅವರೂ 'ನಾನೆಲ್ಲಿ ನೋಡಿದೆ' ಎಂದಿದ್ದರೆ ನಾಲ್ಕು ದಿನದಲ್ಲಿ ಊರು ಮರೆಯುತ್ತಿತ್ತು. ಅವರು ಸೀದಾ ದೊಡ್ಡಮ್ಮನ ಹತ್ತಿರ ಹೋಗಿ, "ಸಾಕ್ಷಿ ಬೇಕಂತೆ, ಕಿವಿಗೆ ಬಿತ್ತು. ನಾನು ಹೇಳ್ತೀನಿ, ಯಾರಾದರೂ ಟೈಪ್ ಮಾಡಿಕೊಡಿ," ಎಂದರು.

ದೊಡ್ಡಮ್ಮ ತಾನೇ ಮಾಡುತ್ತೇನೆ ಎಂದು ಎದ್ದಳು. ಅಷ್ಟರಲ್ಲಿ ಹುಡುಗಿ ತನ್ನ ಮಿಷನ್ನಿನಿಂದ ಅಭ್ಯಾಸದ ಹಾಳೆ ತೆಗೆದು ಹೊಸದನ್ನು ಏರಿಸಿ, "ಹೇಳಿ ಸಾರ್," ಎಂದಳು.

ಮೇಷ್ಟ್ರು ಅವಳ ಪಕ್ಕದ ಬೆಂಚಿನ ಮೇಲೆ ಕೂತರು. ಆಮೇಲೆ ತರಗತಿಯಲ್ಲಿ ಉಕ್ತಲೇಖನ ಹೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದರು. ಇಂಥ ದಿನ, ಇಂಥ ಅಂಗಡಿಯ ಎರಡನೇ ಕ್ಯಾಬಿನ್ನಿನಲ್ಲಿ, ನಾನು ನನ್ನ ಸ್ವಂತ ಇಚ್ಛೆಯಿಂದ ವಯಸ್ಕರ ಚಿತ್ರಗಳನ್ನು ನೋಡುತ್ತಿದ್ದಾಗ, ಈ ಕೆಳಗಿನ ಪುಟ ನನ್ನ ಕಣ್ಣಿಗೆ ಬಿತ್ತು. ಹುಡುಗಿಯ ಬೆರಳು ಎಲ್ಲೂ ನಿಲ್ಲಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದು ಅಕ್ಷರವೂ ತಪ್ಪಲಿಲ್ಲವೆಂದು ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು.

ಕೊನೆಗೆ ಹೆಸರು ಹಾಕಿ ಹುಡುಗಿ ತಲೆಯೆತ್ತಿದಳು. "ಸಾರ್, ಕೆಲಸ ಏನಂತ ಹಾಕ್ಲಿ?"

"ನಿವೃತ್ತ ಶಿಕ್ಷಕ ಅಂತ ಹಾಕವ್ವ."

ಅವಳು ಹಾಕಲಿಲ್ಲ. ಮಿಷನ್ನಿನ ಮೇಲೆ ಕೈಯಿಟ್ಟುಕೊಂಡು, ಬಹಳ ಮೆಲ್ಲಗೆ, "ಅದನ್ನ ಬುಟ್ಬುಡ್ಲಾ ಸಾರ್? ಹೆಸರೊಂದೇ ಸಾಕು," ಎಂದಳು.

"ಬೇಡ ಮಗ," ಎಂದರು ಮೇಷ್ಟ್ರು. "ನಿಂಗೆ ಪಾಠ ಹೇಳಿದೋನೇ ನೋಡಿದ್ದು. ಹಾಕು."

ಅವಳು ಹಾಕಿದಳು.